ಸಿಸ್ಟರಮ್ಮನ ಭಾನುವಾರದ ಬಿಸಿನೀರು

ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಕೆಲಸದಿಂದ ನಿವೃತ್ತರಾಗಿ ಮನೆಗೆ ಬಂದ ಸಿಸ್ಟರಮ್ಮನಿಗೆ ಎದುರಾದ ಮೊದಲನೇ ಕಷ್ಟವೆಂದರೆ, ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಯಜಮಾನರು ಗುಂಡುಕಲ್ಲಿನ ಹಾಗಿದ್ದರು. ಮಗ ಊರೂರು ತಿರುಗುವ ಕೆಲಸದವನು, ಮನೆಯಲ್ಲಿರುತ್ತಿದ್ದುದೇ ಅಪರೂಪ. ಇದ್ದಾಗಲಾದರೂ ಒಂದು ನೆಗಡಿ ಬರಬಾರದೆ? ಸೊಸೆ ಒಮ್ಮೆ ಸೀನಿದ್ದು ಕೇಳಿ ಸಂಭ್ರಮದಿಂದ ಥರ್ಮಾಮೀಟರ್ ಹಿಡಿದು ಓಡಿದರೆ, ಅವಳು ಮೆಣಸಿನಪುಡಿಯ ಡಬ್ಬಿ ತೆಗೆದಿದ್ದಳು, ಅಷ್ಟೇ.

ಇಡೀ ವಾರ್ಡನ್ನು ಕಣ್ಸನ್ನೆಯಲ್ಲಿ ನಡೆಸಿದವರು ಅವರು. ಚಾದರದ ಮೂಲೆ ಮಡಚುವುದನ್ನು ಕಲಿಸುತ್ತ ಒಂದು ತಲೆಮಾರಿನ ಹುಡುಗಿಯರನ್ನು ಅಳಿಸಿದವರು. ಅವರೆದುರು ಕೈ ತೊಳೆಯದೆ ರೋಗಿಯನ್ನು ಮುಟ್ಟಲು ದೊಡ್ಡ ಡಾಕ್ಟರಿಗೂ ಧೈರ್ಯವಿರಲಿಲ್ಲ. ಅಂಥವರು ಈಗ ಬಾಲ್ಕನಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರ ನಡಿಗೆ ನೋಡಿ ಯಾರ ಮಂಡಿ ಎಷ್ಟು ಸವೆದಿದೆ ಎಂದು ಗಾಳಿಗೆ ವರದಿ ಒಪ್ಪಿಸುತ್ತಿದ್ದರು.

"ಇವಳಿಗೆ ಬೇಗ ಏನಾದ್ರೂ ಕೆಲಸ ಹುಡುಕಬೇಕಮ್ಮ," ಎಂದು ಯಜಮಾನರು ಸೊಸೆಯ ಬಳಿ ಪಿಸುಗುಟ್ಟಿದರು. "ಇಲ್ಲಾಂದ್ರೆ ನಮ್ಮಿಬ್ಬರಲ್ಲಿ ಯಾರಿಗಾದ್ರೂ ಆಪರೇಷನ್ ಮಾಡಿಸಿಬಿಡ್ತಾಳೆ."

ಕೆಲಸ ತಾನಾಗಿಯೇ ಬಂತು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ನೀರು ನಿಂತಿತು. ಸಿಸ್ಟರಮ್ಮ ಕೈಗವಸು ಏರಿಸಿ, ಜಾಲರಿ ಕಿತ್ತು, ತೂತಿಗೆ ಎರಡು ಬೆರಳು ಬಿಟ್ಟು, ಸತ್ತ ಇಲಿಯಂಥ ಒಂದು ಕೂದಲುಂಡೆಯನ್ನು ಎಳೆದು ತೆಗೆದರು. ನೀರು ಗೊಳಕ್ಕೆಂದು ಕೆಳಗಿಳಿಯಿತು. ಕಟ್ಟಿದ ಉಸಿರು ಬಿಟ್ಟುಕೊಂಡ ರೋಗಿಯ ನಿಟ್ಟುಸಿರು ಅದು! ಸಿಸ್ಟರಮ್ಮನ ಮುಖ ಊರಗಲವಾಯಿತು. ಅವತ್ತಿನಿಂದ ಆ ಎರಡಂತಸ್ತಿನ ಮನೆಯ ತೂತು, ಕೊಳವೆ, ಮೋರಿಗಳೆಲ್ಲ ಅವರ ವಾರ್ಡಿಗೆ ದಾಖಲಾದವು.

ಹಾಗೆ ನೋಡಿದರೆ ಅವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಪ್ರತಿ ತೂತಿನ ಮೇಲೂ ಸಣ್ಣ ಕಣ್ಣಿನ ಜಾಲರಿ ಕೂತಿತು. ಕೂದಲು ಬಾಚಿದವರು ಬಾಚಣಿಗೆಯಲ್ಲಿ ಉಳಿದದ್ದನ್ನು ಕಸದ ಬುಟ್ಟಿಗೇ ಹಾಕಬೇಕು. ತಟ್ಟೆಯಲ್ಲಿ ಅಗುಳು ಬಿಟ್ಟು ಸಿಂಕಿಗಿಡುವಂತಿಲ್ಲ. ಟೀ ಸೊಪ್ಪು ಗಿಡದ ಕುಂಡಕ್ಕೆ. ಯಾರೂ ಬಳಸದ ಮೂಲೆಯ ಬಚ್ಚಲಿಗೂ ಆಗಾಗ ಒಂದು ಚೊಂಬು ನೀರು ಸುರಿಯಬೇಕು. ಕೊಳವೆಯ ಬಾಗಿನಲ್ಲಿ ನಿಂತ ನೀರು ಒಣಗಿದರೆ ಮೋರಿಯ ವಾಸನೆ ನೇರವಾಗಿ ಮೂಗಿಗೆ ಬರುತ್ತದೆ. ಎಲ್ಲವೂ ಸರಿಯೇ. ಆದರೆ ಸಿಸ್ಟರಮ್ಮ ಅಷ್ಟಕ್ಕೇ ಬಿಡುವವರಲ್ಲ. ಬೆಳಿಗ್ಗೆ ರೌಂಡ್ಸಿಗೆ ಹೊರಟರೆ ಕೊರಳಲ್ಲಿ ಹಳೆಯ ಸ್ಟೆತಸ್ಕೋಪು! ಸಿಂಕಿನ ಕೆಳಗೆ ಮಂಡಿಯೂರಿ, ಕೊಳವೆಗೆ ಅದರ ಬಿಲ್ಲೆ ಒತ್ತಿ, ಕಣ್ಣು ಮುಚ್ಚಿ, "ಹೂಂ, ನೀರು ಬಿಡು," ಎಂದು ಸೊಸೆಗೆ ಅಪ್ಪಣೆ ಮಾಡುವರು. ಸೊಸೆ ನಲ್ಲಿ ತಿರುಗಿಸುವಳು. "ಇನ್ನೂ ಸ್ವಲ್ಪ... ಸಾಕು. ಎದೆಯಲ್ಲಿ ಕಫ ಇಲ್ಲ."

"ಅತ್ತೆ, ನಾನು ಶಾಲೆಗೆ ಹೋಗಬಹುದಾ?"

"ಹೋಗು. ಸಂಜೆ ಬಚ್ಚಲು ನೋಡೋಣ. ನಿನ್ನೆ ಸ್ವಲ್ಪ ಕೆಮ್ತಿತ್ತು."

ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದವಳು ಟೈಲರಕ್ಕ. ಬೀದಿಯ ಅರ್ಧ ಜನದ ಸುತ್ತಳತೆ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಯಾರು ದಪ್ಪವಾದರು ಎಂಬುದು ಅವರ ಮನೆಯವರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆಯ ರಾಶಿ, ಹಿಂದೆ ಒಂದು ಪುಟ್ಟ ಅಡುಗೆಮನೆ. ಒಂಟಿ ಹೆಂಗಸು. ಬಾಯಿ ಮಾತ್ರ ಒಂದು ಸಂಸಾರಕ್ಕಾಗುವಷ್ಟಿತ್ತು. ಸಂಜೆಯಾದರೆ ಸಿಸ್ಟರಮ್ಮ ಮೇಲಿನಿಂದ ಎರಡು ಲೋಟ ಟೀ ಹಿಡಿದು ಇಳಿಯುವರು. ಆಕೆ ಯಂತ್ರ ನಿಲ್ಲಿಸಿ ಮೆಟ್ಟಿಲಿಗೆ ಬರುವಳು. ಇಬ್ಬರೂ ಅಲ್ಲಿ ಕೂತು ಬೀದಿಯನ್ನು ಹಂಚಿಕೊಳ್ಳುವರು, ಒಬ್ಬರು ಮಂಡಿಯ ಲೆಕ್ಕದಲ್ಲಿ, ಇನ್ನೊಬ್ಬರು ಸೊಂಟದ ಲೆಕ್ಕದಲ್ಲಿ. ಬೈಗುಳ, ನಗು, ಮುನಿಸು ಎಲ್ಲ ಆಗಿ, ಲೋಟ ಆರುವ ಹೊತ್ತಿಗೆ ರಾಜಿಯೂ ಆಗುತ್ತಿತ್ತು. ಸಿಸ್ಟರಮ್ಮನಿಗೆ ಎದುರು ಮಾತಾಡುವ ಧೈರ್ಯವಿದ್ದದ್ದು ಈ ಭೂಮಿಯ ಮೇಲೆ ಆಕೆಯೊಬ್ಬಳಿಗೇ. ಅದಕ್ಕೇ ಸಿಸ್ಟರಮ್ಮನಿಗೆ ಆಕೆ ಬೇಕಾಗಿತ್ತು, ಒಪ್ಪಿಕೊಳ್ಳದಿದ್ದರೂ.

ಇನ್ನು ಭಾನುವಾರದ ಬಿಸಿನೀರಿನ ವಿಷಯ.

ಯಜಮಾನರಿಗೆ ಕರಿದ ತಿಂಡಿಯೆಂದರೆ ಪ್ರಾಣ. ಭಾನುವಾರ ಬಾಣಲೆ ಒಲೆಯೇರುವುದು ಆ ಮನೆಯ ಕಾಯಂ ನಿಯಮ. ಉಳಿದ ಎಣ್ಣೆ, ಬಾಣಲೆಯ ಜಿಡ್ಡು, ಬೆಣ್ಣೆ ಕಾಯಿಸಿದ ಪಾತ್ರೆಯ ಗಸಿ ಎಲ್ಲವೂ ಸಿಂಕಿಗೆ. ಆಮೇಲೆ ಸಿಸ್ಟರಮ್ಮನ ಚಿಕಿತ್ಸೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ತಾವೇ ಅಂಗಡಿ ಅಂಗಡಿ ಹುಡುಕಿ ತಂದ ನೀಲಿ ಬಣ್ಣದ ಪುಡಿಯನ್ನು ಅದಕ್ಕೆ ಧಾರಾಳವಾಗಿ ಬೆರೆಸಿ, ಎರಡೂ ಕೈಯಲ್ಲಿ ಎತ್ತಿ ಸಿಂಕಿಗೆ ಸುರಿಯುವರು. ಹಬೆ ಮೇಲೇಳುವುದು. ಜಿಡ್ಡು ಕರಗಿ ಸರ್ರನೆ ಇಳಿದುಹೋಗುವುದು. ಸಿಂಕು ಕನ್ನಡಿ.

"ಅತ್ತೆ, ಒಂದು ಮಾತು," ಎಂದು ಸೊಸೆ ಒಮ್ಮೆ ಬಾಯಿಬಿಟ್ಟಿದ್ದಳು. ಅವಳು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. "ಕರಗಿದ್ದು ಕೆಳಗೆ ಹೋಗಿ ತಣ್ಣಗಾದ್ರೆ ಮತ್ತೆ ಗಟ್ಟಿ ಆಗಲ್ವಾ? ಮೊದಲೇ ಹಳೇ ಪೇಪರಲ್ಲಿ ಒರೆಸಿ ಬಿಸಾಡಿದ್ರೆ..."

"ನೀನು ಪಾಠ ಮಾಡೋದು ಎಷ್ಟನೇ ಕ್ಲಾಸಿಗೆ?"

"ಏಳನೇ ಕ್ಲಾಸಿಗೆ."

"ಪೈಪು ಎಂಟನೇ ಕ್ಲಾಸಿನ ವಿಷಯ. ಪಾತ್ರೆ ಒರೆಸು."

ಸೊಸೆ ಪಾತ್ರೆ ಒರೆಸಿದಳು. ಯಜಮಾನರು ಪತ್ರಿಕೆಯ ಹಿಂದೆ ಇನ್ನಷ್ಟು ಕುಗ್ಗಿದರು. ಬಾಣಲೆಯ ಫಲಾನುಭವಿಗೆ ಅಭಿಪ್ರಾಯವಿರಬಾರದು ಎಂಬುದು ಅವರ ಅಭಿಪ್ರಾಯ.

ಕೆಳಗಿನ ಮನೆಯ ಸಿಂಕು ಕಟ್ಟತೊಡಗಿದ್ದು ಚಳಿ ಶುರುವಾದ ಮೇಲೆ. ಮೊದಮೊದಲು ನೀರು ನಿಧಾನಕ್ಕೆ ಇಳಿಯುತ್ತಿತ್ತು. ಆಮೇಲೆ ನಿಂತೇಬಿಟ್ಟಿತು. ನಲ್ಲಿ ರಿಪೇರಿಯವನನ್ನು ಕರೆಸಿದರು. ಅವನಿಗೆ ಬೀದಿಯವರು ಇಟ್ಟ ಹೆಸರು 'ಆಯ್ತಮ್ಮ'. ಯಾರು ಏನು ಹೇಳಿದರೂ "ಆಯ್ತಮ್ಮ, ಹಂಗೇ ಇರಬೇಕು," ಎನ್ನುವುದು ಅವನ ಕಸುಬಿನ ಅರ್ಧಭಾಗ. ಉಳಿದರ್ಧ ತನ್ನ ಬೆನ್ನುನೋವಿನ ವರ್ಣನೆ. ಅವನು ಒಂದು ಉದ್ದದ ತಂತಿ ತೂರಿಸಿ, ತಿರುಗಿಸಿ, ನರಳಿ, ಕಟ್ಟಿದ್ದರ ನಡುವೆ ಒಂದು ತೂತು ಮಾಡಿ ಹೋದ. ಕೆಲವು ದಿನ ನೀರು ಹರಿಯಿತು. ಮತ್ತೆ ನಿಂತಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು ಕೇಳಿತು. "ಸಿಸ್ಟರಮ್ಮಾ! ಮೇಲೆ ನೀರು ನಿಲ್ಲಿಸ್ರೀ! ಉಕ್ತಾ ಇದೆ!"

ಸಿಸ್ಟರಮ್ಮ ಟಾರ್ಚು, ಕೈಗವಸು, ಸ್ಟೆತಸ್ಕೋಪು ಸಮೇತ ಇಳಿದು ಹೋಗುವಷ್ಟರಲ್ಲಿ ಬೂದುಬಣ್ಣದ ಗಬ್ಬುನೀರು ಸಿಂಕಿನಿಂದ ಉಕ್ಕಿ ನೆಲಕ್ಕೆ ಹರಿದಿತ್ತು. ಮುಂದಿನ ಕೋಣೆಯಲ್ಲಿ ಜಾಗ ಸಾಲದೆ ಅಡುಗೆಮನೆಯ ನೆಲದ ಮೇಲೆ ಜೋಡಿಸಿಟ್ಟಿದ್ದ ಶಾಲೆಯ ಸಮವಸ್ತ್ರದ ಸ್ಕರ್ಟುಗಳು ಅಡಿಯಿಂದ ಮುಡಿಯವರೆಗೂ ತೊಯ್ದಿದ್ದವು. ಟೈಲರಕ್ಕ ಒಂದೊಂದನ್ನೇ ಎತ್ತಿ ಹಿಂಡುತ್ತಿದ್ದಳು. ಅವಳ ಮುಖ ನೋಡಿ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಸಿಸ್ಟರಮ್ಮ ಸಿಂಕಿನಡಿ ಕೂತು ಕೊಳವೆಗೆ ಕಿವಿಗೊಟ್ಟು, ತಲೆಯಾಡಿಸಿ, ರೋಗನಿರ್ಣಯ ಮಾಡಿದರು.

"ದಾರ."

"ಏನು?"

"ನಿನ್ನ ದಾರ ಕಣೇ. ದಾರ, ಬಟ್ಟೆ ಚೂರು, ಎಳೆ. ನೆಲ ಗುಡಿಸಿ ಇಲ್ಲಿಗೇ ತೊಳೀತೀಯ. ಒಳಗೆ ಹೋಗಿ ಹೆಣೆದುಕೊಂಡು ಕೂತಿದೆ. ನಮ್ಮ ಮೇಲಿನ ಸಿಂಕು ನೋಡು ಬಾ, ಹೇಗಿದೆ ಅಂತ."

"ನಾನು ಒಂದು ಎಳೆ ದಾರನೂ ಸಿಂಕಿಗೆ ಹಾಕಲ್ಲ. ದಾರ ಅಂದ್ರೆ ನನಗೆ ಅನ್ನ!"

"ರೋಗಿಗಳೂ ಹಂಗೇ ಹೇಳ್ತಾರೆ. ಸಕ್ಕರೆ ಮುಟ್ಟೇ ಇಲ್ಲ ಅಂತಾರೆ."

"ನಿಮ್ಮ ಕಿವಿಗೆ ಏನೋ ಆಗಿದೆ. ಅದನ್ನ ಮೊದಲು ತೋರಿಸಿಕೊಳ್ಳಿ."

ಮಾತಿಗೆ ಮಾತು ಬೆಳೆಯಿತು. ಜಗಳ ಅಡುಗೆಮನೆಯಿಂದ ಮುಂದಿನ ಕೋಣೆಗೆ, ಅಲ್ಲಿಂದ ಹೊಸ್ತಿಲು ದಾಟಿ ಬೀದಿಯ ಕಿವಿಗೆ ಬಿತ್ತು. ಎದುರುಮನೆಯವರು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತ ನಿಂತರು. ಸಿಸ್ಟರಮ್ಮ ಕೊನೆಗೆ ಅಂದುಬಿಟ್ಟರು: "ಮನೆ ಕೊಳವೆ ಕಾಪಾಡಿಕೊಳ್ಳೋಕೆ ಬರದವರು ಬೇರೆ ಮನೆ ನೋಡಿಕೊಳ್ಳಬಹುದು. ತಿಂಗಳ ಕೊನೇವರೆಗೂ ಟೈಮಿದೆ."

ಟೈಲರಕ್ಕ ಹಿಂಡುತ್ತಿದ್ದ ಸ್ಕರ್ಟನ್ನು ನಿಧಾನವಾಗಿ ಕೊಡವಿದಳು. "ಆಯ್ತು," ಅಂದಳು. ಅಷ್ಟೇ ಅಂದಳು.

ಜಗಳದಲ್ಲಿ ಗೆದ್ದ ಸಿಸ್ಟರಮ್ಮ ಮೆಟ್ಟಿಲು ಹತ್ತುವಾಗ ಯಾಕೋ ಸೋತವರ ಹಾಗೆ ಕಂಬಿ ಹಿಡಿದುಕೊಂಡರು.

ಆಮೇಲಿನ ದಿನಗಳು ಸಪ್ಪೆ. ಸಂಜೆ ಅಭ್ಯಾಸಬಲದಿಂದ ಎರಡು ಲೋಟಕ್ಕೆ ಟೀ ಸುರಿದು, ಒಂದನ್ನು ಯಜಮಾನರ ಮುಂದೆ ಕುಕ್ಕುವರು. "ನಾನು ಈಗಷ್ಟೇ ಕುಡಿದೆನಲ್ಲ?" ಎಂದರೆ, "ಕುಡೀರಿ, ಮಾತಾಡಬೇಡಿ." ಟೈಲರಕ್ಕ ಯಂತ್ರವನ್ನು ಹೊತ್ತುಗೊತ್ತಿಲ್ಲದೆ ತುಳಿಯುತ್ತಿದ್ದಳು, ನಡುನಡುವೆ ಮನೆ ಹುಡುಕಲು ಹೋಗುತ್ತಿದ್ದಳು. ಒಂದು ಮನೆ ಸಿಕ್ಕಿದೆ, ಊರಿನ ಆ ತುದಿಯಲ್ಲಿ ಎಂದು ಸೊಸೆ ಸುದ್ದಿ ತಂದಳು. ಅಲ್ಲಿಗೆ ಈ ಬೀದಿಯ ಗಿರಾಕಿಗಳು ಯಾರೂ ಹೋಗುವುದಿಲ್ಲ. ಹೊಸದಾಗಿ ಸೊಂಟ ಅಳೆಯುತ್ತ ಕೂರಬೇಕು.

"ಹೋಗಲಿ," ಅಂದರು ಸಿಸ್ಟರಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಎಷ್ಟು ದೂರ?" ಅಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ, "ತಪ್ಪು ಒಪ್ಪಿಕೊಂಡಿದ್ರೆ ನಾನೇನು ಕಳಿಸ್ತಿದ್ನಾ?" ಅಂದರು.

ತಪ್ಪೊಪ್ಪಿಗೆ ಹೊರಡಿಸಲು ಸಾಕ್ಷಿ ಬೇಕು. ಸಾಕ್ಷಿ ಕೊಳವೆಯೊಳಗಿದೆ. ದಾರದ ಉಂಡೆ ಎಳೆದು ಮುಂದೆ ಹಿಡಿದರೆ ಅವಳ ಬಾಯಿ ಕಟ್ಟುತ್ತದೆ, "ತಪ್ಪಾಯ್ತು ಸಿಸ್ಟರಮ್ಮ" ಅನ್ನುತ್ತಾಳೆ, ತಾವು ದೊಡ್ಡ ಮನಸ್ಸು ಮಾಡಿ "ಹೋಗ್ಲಿ ಬಿಡು, ಇರು" ಅನ್ನಬಹುದು. ಈ ಯೋಜನೆ ಹೊಳೆದ ರಾತ್ರಿ ಸಿಸ್ಟರಮ್ಮ ಸೊಗಸಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಆಯ್ತಮ್ಮ ಬಂದ. "ತಂತಿ ಬೇಡ," ಎಂದರು ಸಿಸ್ಟರಮ್ಮ. "ಕೆಳಗಿನ ಬಾಗು ಇದೆಯಲ್ಲ, ಮೇಲಿನ ಮನೆ ಕೊಳವೆ ಬಂದು ಕೆಳಗಿನ ಮನೆಯದಕ್ಕೆ ಸೇರೋ ಜಾಗ, ಅದನ್ನೇ ಕತ್ತರಿಸು. ಪೂರ್ತಿ ತೆಗೆದು ನೋಡಬೇಕು."

"ಆಯ್ತಮ್ಮ. ದಾರಾನೇ ಇರಬೇಕು."

"ಅಲ್ಲ ಕಣಯ್ಯಾ, ದಾರ ಅಲ್ಲ!" ಎಂದಳು ಒಳಗಿನಿಂದ ಬಂದ ಟೈಲರಕ್ಕ.

"ಆಯ್ತಕ್ಕ. ದಾರ ಇರಲಿಕ್ಕಿಲ್ಲ."

ಟೈಲರಕ್ಕ ಸಿಸ್ಟರಮ್ಮನ ಕಡೆ ತಿರುಗಿದಳು. ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು. "ನನ್ನ ದಾರ ಸಿಕ್ಕಿದ್ರೆ ಇವತ್ತೇ ಗಂಟುಮೂಟೆ ಕಟ್ತೀನಿ. ತಿಂಗಳ ಕೊನೇವರೆಗೂ ಕಾಯಲ್ಲ. ಸಿಗದೇ ಹೋದ್ರೆ?"

"ಸಿಗುತ್ತೆ," ಎಂದರು ಸಿಸ್ಟರಮ್ಮ.

ಹಿತ್ತಲಲ್ಲಿ ಆಪರೇಷನ್ ನಡೆಯಿತು. ನೆಲಕ್ಕೆ ಹಳೇ ಚಾದರ ಹಾಸಿಸಿದ್ದರು, ಮೂಲೆ ಮಡಚಿ. ಸೊಸೆಗೆ ಬಕೆಟ್ಟು ಹಿಡಿಯುವ ಕೆಲಸ. ಯಜಮಾನರನ್ನು ಟಾರ್ಚು ಹಿಡಿಯಲು ನಿಲ್ಲಿಸಿದ್ದರು, ಬಿಸಿಲು ಝಗಝಗಿಸುತ್ತಿದ್ದರೂ. ಆಯ್ತಮ್ಮ ಗರಗಸವಾಡಿಸುತ್ತ, ತನ್ನ ಬೆನ್ನಿನ ಕಷ್ಟವನ್ನು ಸಿಸ್ಟರಮ್ಮನಿಗೆ ಉಚಿತವಾಗಿ ತೋರಿಸಿಕೊಳ್ಳುತ್ತ, ಬಾಗನ್ನು ಕತ್ತರಿಸಿ ಎತ್ತಿ ಚಾದರದ ಮೇಲಿಟ್ಟ. ಸುತ್ತಿಗೆಯಲ್ಲಿ ಎರಡು ಸಲ ತಟ್ಟಿದ. ಒಳಗಿನಿಂದ ಒಂದು ದಪ್ಪ ಮುದ್ದೆ ಜಾರಿ ಹೊರಬಂತು.

ದಾರವಲ್ಲ. ಮೋಂಬತ್ತಿಯ ಹಾಗೆ ಬಿಳಿಚಿಕೊಂಡ, ಬಾಗಿನ ಆಕಾರವನ್ನೇ ಪಡೆದು ಗಟ್ಟಿಯಾದ ಜಿಡ್ಡು. ನಡುವೆ ತಂತಿ ತೂರಿಸಿದ ಕಿರಿದಾದ ತೂತು. ಆಯ್ತಮ್ಮ ಅದನ್ನು ಚಾಕುವಿನಿಂದ ಅಡ್ಡಕ್ಕೆ ಕೊಯ್ದ.

"ಅಯ್ಯೋ, ಪಟ್ಟೆ ಪಟ್ಟೆ ಇದೆಯಲ್ಲ!" ಎಂದಳು ಟೈಲರಕ್ಕ, ಬಟ್ಟೆ ನೋಡುವ ಕಣ್ಣಿನಿಂದ.

ಹೌದು, ಪಟ್ಟೆಗಳಿದ್ದವು. ಒಂದು ಬಿಳಿ, ಒಂದು ತೆಳುನೀಲಿ. ಮತ್ತೆ ಬಿಳಿ, ಮತ್ತೆ ನೀಲಿ. ಬಿಳಿಯದು ದಪ್ಪ, ನೀಲಿಯದು ಎಳೆಯಷ್ಟು. ಒಂದರ ಮೇಲೊಂದು, ಶಿಸ್ತಾಗಿ, ಒಂದು ಭಾನುವಾರವೂ ತಪ್ಪದ ಹಾಗೆ.

ಸೊಸೆ ಬಕೆಟ್ಟಿನೊಳಗೆ ಏನೋ ಬಹಳ ಆಸಕ್ತಿಕರವಾದದ್ದು ಇರುವಂತೆ ಅದನ್ನೇ ನೋಡತೊಡಗಿದಳು. ಯಜಮಾನರು ಟಾರ್ಚು ಆರಿಸಿದರು. ಕೆಳಗಿನ ಮನೆಯಲ್ಲಿ ಕರಿಯುವ ಬಾಣಲೆಯೇ ಇರಲಿಲ್ಲ. ನೀಲಿ ಪುಡಿ ಆ ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಇರಲಿಲ್ಲ.

ಸಿಸ್ಟರಮ್ಮನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೇಲೆ ಕುದಿನೀರಿಗೆ ಕರಗಿ ಸರ್ರನೆ ಇಳಿದದ್ದು, ಕೆಳಗಿನ ಬಾಗಿಗೆ ಬರುವಷ್ಟರಲ್ಲಿ ಆರಿ, ಗೋಡೆಗಂಟಿ, ಮುಂದಿನ ವಾರದ ಪದರಕ್ಕೆ ಹಾಸಿಗೆ ಹಾಸಿಕೊಟ್ಟಿತ್ತು. ತಮ್ಮ ಸಿಂಕು ಕನ್ನಡಿಯಾದದ್ದು ಹೀಗೆ. ಕಾಯಿಲೆಯನ್ನು ವಾಸಿ ಮಾಡಿರಲಿಲ್ಲ, ಪಕ್ಕದ ಮಂಚಕ್ಕೆ ಸಾಗಿಸಿದ್ದರು.

ಆಗ ಆಯ್ತಮ್ಮ, ಮನೆಯೊಡತಿಯ ಮುಖ ಸಣ್ಣದಾದದ್ದು ಕಂಡು, ತನ್ನ ಕಸುಬಿನ ಧರ್ಮ ಪಾಲಿಸಿದ. "ಕೆಳಗಿನ ಮನೆಯವ್ರು ಮೆಷೀನಿಗೆ ಎಣ್ಣೆ ಬಿಡ್ತಾರಲ್ಲಮ್ಮ, ಅದೂ ಇರಬಹುದು."

ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ವಾದ ಮತ್ತೆ ಎರಡು ವಾರ ಎಳೆಯುತ್ತಿತ್ತು, ಅಷ್ಟರಲ್ಲಿ ತಿಂಗಳೂ ಮುಗಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಸಿಸ್ಟರಮ್ಮ ಆ ಬಾಗಿಲನ್ನು ಒಂದು ಕ್ಷಣ ನೋಡಿದರು. ಸುಳ್ಳಲ್ಲ, ನೋಡಿದರು. ಆಮೇಲೆ ಅವರ ಸಿಟ್ಟೆಲ್ಲ ಆಯ್ತಮ್ಮನ ಮೇಲೆ ತಿರುಗಿತು.

"ಮೆಷೀನಿಗೆ ಎಣ್ಣೆ ಬಿಡೋದು ಹನಿ ಹನಿ ಕಣೋ! ಇಷ್ಟು ಮುದ್ದೆ ಆಗಬೇಕಾದ್ರೆ ಅವಳು ಎಣ್ಣೆಯಲ್ಲಿ ಸ್ನಾನ ಮಾಡಬೇಕು. ಇದು ನಮ್ಮ ಮನೇದು. ನನ್ನ ಕೈಯಾರೆ ಆದದ್ದು."

"ಆಯ್ತಮ್ಮ, ಹಂಗೇ ಇರಬೇಕು," ಎಂದ ಅವನು.

"ಏನಂದ್ರಿ?" ಎಂದಳು ಟೈಲರಕ್ಕ. ಕೇಳಿಸಿತ್ತು. ಇನ್ನೊಂದು ಸಲ ಬೇಕಿತ್ತು, ಅಷ್ಟೇ.

ಸಿಸ್ಟರಮ್ಮ ಸೆಟೆದು ನಿಂತರು. "ರೋಗನಿರ್ಣಯ ತಪ್ಪಿದೆ. ಮೇಲ್ನೋಟಕ್ಕೆ ಲಕ್ಷಣಗಳು ದಾರದ ಕಡೆಗೇ ತೋರಿಸ್ತಿದ್ದವು. ಅನುಭವಸ್ಥರಿಗೂ ಇಂಥ ಕೇಸಲ್ಲಿ..."

"ಸಿಸ್ಟರಮ್ಮ."

"...ಕೆಲವೊಮ್ಮೆ, ಅಂದ್ರೆ ಪುಸ್ತಕದಲ್ಲೂ..."

"ಸಿಸ್ಟರಮ್ಮ. ಮನುಷ್ಯರ ಭಾಷೆಯಲ್ಲಿ ಹೇಳಿ."

ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ ನಿಂತಿದ್ದರು. ಸಿಸ್ಟರಮ್ಮ ಕೈಗವಸು ಕಳಚಿದರು, ಒಂದೊಂದೇ ಬೆರಳು ಎಳೆದು, ಎಷ್ಟು ಹೊತ್ತು ಎಳೆಯಬಹುದೋ ಅಷ್ಟು ಹೊತ್ತು. "ತಪ್ಪು ನಂದು ಕಣೇ," ಎಂದರು. "ಸುಮ್ಮನೆ ನಿನ್ನ ಮೇಲೆ ಹಾಕಿದೆ. ಹೊಟ್ಟೆಗೆ ಹಾಕಿಕೋ. ಮನೆ ಬಿಡಬೇಡ."

ಟೈಲರಕ್ಕ ಒಳಗೆ ಹೋದಳು. ಹೋದವಳು ಬೇಗ ಬರಲೇ ಇಲ್ಲ. ಸಿಸ್ಟರಮ್ಮ ಎಷ್ಟೋ ಆಪರೇಷನ್‌ ನಡೆಯುವಾಗ ಹೊರಗೆ ನೆಂಟರು ಕಾಯುವುದನ್ನು ಕಂಡಿದ್ದರು, ಬೆಂಚಿನ ಮೇಲೆ ಸರಿಯಾಗಿ ಕೂರಿ ಎಂದು ಗದರಿಸಿದ್ದರು; ಈಗ ಗೊತ್ತಾಯಿತು, ಸರಿಯಾಗಿ ಕೂರಲು ಯಾಕೆ ಆಗುತ್ತಿರಲಿಲ್ಲ ಎಂದು. ಒಳಗಿನಿಂದ ಫೋನಿನಲ್ಲಿ ಮಾತಾಡುವುದು ಕೇಳಿತು. "ಇಲ್ಲ ಸಾರ್, ಆ ಮನೆ ಬೇಡ... ಹಾಗೇನಿಲ್ಲ, ಚೆನ್ನಾಗೇ ಇದೆ... ಬೆಳಕು ಕಮ್ಮಿ, ಸೂಜಿಗೆ ದಾರ ಪೋಣಿಸೋಕಾಗಲ್ಲ..."

ಯಜಮಾನರು ಮೆಲ್ಲಗೆ ಕೆಮ್ಮಿದರು. "ಭಾನುವಾರ ಇನ್ಮೇಲೆ ಬಾಣಲೆ..." ಎಂದು ಶುರುಮಾಡಿ, ಹೆಂಡತಿಯ ನೋಟ ಕಂಡು, ವಾಕ್ಯವನ್ನು ಅಲ್ಲೇ ಬಿಟ್ಟು ಮೇಲೆ ಹೋದರು. ಸೊಸೆ ಹಿಂದೆಯೇ ಓಡಿದಳು. ನಗಲು ಅವಳಿಗೆ ಒಂದು ಮುಚ್ಚಿದ ಕೋಣೆ ಬೇಕಾಗಿತ್ತು.

ಟೈಲರಕ್ಕ ಹೊರಬಂದದ್ದು ಕೈತುಂಬ ಸ್ಕರ್ಟು ಹೊತ್ತುಕೊಂಡು. ಗಬ್ಬುನೀರು ಕುಡಿದಿದ್ದ ಸ್ಕರ್ಟುಗಳೆಲ್ಲ ಕಸಕ್ಕೆ ಹೋಗಿ, ಹೊಸ ಬಟ್ಟೆಯಲ್ಲಿ ಮತ್ತೆ ಹೊಲಿದದ್ದಾಗಿತ್ತು; ಅಂಚು ಮಡಚಿ ಕೈಹೊಲಿಗೆ ಹಾಕುವುದು ಬಾಕಿ. "ಬರೀ ಬಾಯಲ್ಲಿ ಹೇಳಿದ್ರೆ ಹೊಟ್ಟೆಗೆ ಇಳಿಯಲ್ಲ," ಎಂದು ಅರ್ಧ ರಾಶಿಯನ್ನು ಸಿಸ್ಟರಮ್ಮನ ಕೈಗೆ ಹೇರಿದಳು. "ಕೂತ್ಕೊಳ್ಳಿ. ಶಾಲೆಯವರು ಕಾಯ್ತಿದ್ದಾರೆ."

ಸಿಸ್ಟರಮ್ಮ ಮುಂದಿನ ಕೋಣೆಗೆ ಹೋಗಿ ಕಿಟಕಿಯ ಪಕ್ಕದಲ್ಲಿ ಕೂತರು. ಎಂತೆಂಥ ಗಾಯಗಳ ಹೊಲಿಗೆ ಕಂಡವರಿಗೆ ಇದೊಂದು ಲೆಕ್ಕವೆ? ತುಟಿ ಬಿಗಿದುಕೊಂಡು, ಬೆನ್ನು ನೆಟ್ಟಗಿಟ್ಟು ಒಂದು ಸ್ಕರ್ಟಿನ ಅಂಚು ಮುಗಿಸಿ, ಗತ್ತಿನಿಂದ ಮುಂದೆ ಚಾಚಿದರು. ಟೈಲರಕ್ಕ ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಇದೇನಿದು, ಒಂದೊಂದು ಹೊಲಿಗೆಗೂ ಒಂದೊಂದು ಗಂಟು?"

"ಹಾಗೇ ಹಾಕಬೇಕು. ಒಂದು ಬಿಚ್ಚಿದ್ರೂ ಉಳಿದದ್ದು ಹಿಡಿದಿರುತ್ತೆ."

"ಸಿಸ್ಟರಮ್ಮ, ಇದು ಸ್ಕರ್ಟು. ಯಾರದೋ ಹೊಟ್ಟೆ ಅಲ್ಲ."

"ಗಟ್ಟಿಯಾಗಿರಲಿ ಅಂತ..."

"ಹುಡುಗಿ ಕೂತ್ರೆ ಚುಚ್ಚುತ್ತೆ," ಎಂದು ಟೈಲರಕ್ಕ ಕತ್ತರಿ ತೆಗೆದುಕೊಂಡು ಕರಕರನೆ ಅಷ್ಟೂ ಗಂಟುಗಳನ್ನು ಕತ್ತರಿಸಿ, ಎಳೆಗಳನ್ನು ಊದಿ, ಸ್ಕರ್ಟನ್ನು ವಾಪಸ್ಸು ಅವರ ಮಡಿಲಿಗೆಸೆದಳು. "ಮೊದಲಿಂದ ಹಾಕಿ. ಸಣ್ಣದಾಗಿ, ಓರೆಯಾಗಿ. ಕತ್ತು ಬಗ್ಗಿಸಿ, ಏನೂ ಮುರಿದುಹೋಗಲ್ಲ."

ಸಿಸ್ಟರಮ್ಮ ಕತ್ತು ಬಗ್ಗಿಸಿದರು.